ಬೀಡಿ ಕಟ್ಟುವವರ ಓದುಯಂತ್ರ

"ಗುರುಗಳೇ, ಪುಸ್ತಕ ಓದುವುದಕ್ಕೆಂದೇ ಒಂದು ಯಂತ್ರ ಬಂದಿದೆ, ಇ-ರೀಡರ್ ಅಂತ. ಹದಿಮೂರು ಸಾವಿರ. ಫೋನಿನಲ್ಲೇ ಓದಬಹುದಲ್ಲ ಅನ್ನುತ್ತಾರೆ ಗೆಳೆಯರು. ಅಷ್ಟು ಹಣ ಕೊಡುವುದು ಸರಿಯೇ?" ಎಂದು ಶಿಷ್ಯ ಕೇಳಿದ.

"ನನ್ನನ್ನು ಕೇಳುತ್ತೀಯಲ್ಲ ಮಾರಾಯ, ನಾನೇನು ಅಂಗಡಿ ಇಟ್ಟಿದ್ದೇನೆಯೇ?" ಎಂದು ಗುರು ಗದರಿದರು. ಆಮೇಲೆ "ಕೂತುಕೋ" ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಹನ್ನೊಂದು ಮಂದಿ ಹೆಂಗಸರು ಒಂದೇ ಜಗಲಿಯಲ್ಲಿ ಕೂರುತ್ತಿದ್ದರು. ಹತ್ತು ಮಂದಿ ಬೀಡಿ ಕಟ್ಟುವುದು, ಒಬ್ಬಳು ಪುಸ್ತಕ ಓದಿ ಹೇಳುವುದು. ಸಂಜೆ ಹತ್ತು ಮಂದಿಯೂ ತಮ್ಮ ಮೊರದಿಂದ ಒಂದೊಂದು ಹಿಡಿ ಬೀಡಿ ತೆಗೆದು ಓದುವವಳ ಮೊರಕ್ಕೆ ಹಾಕುತ್ತಿದ್ದರು. ಅದೇ ಅವಳ ಕೂಲಿ. ಮಿಕ್ಕವರಿಗೆ ಓದು ಬರುತ್ತಿರಲಿಲ್ಲವೆಂದಲ್ಲ. ಅವರು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಹೊತ್ತು ಮುಳುಗುತ್ತಿತ್ತು.

ಬರುಬರುತ್ತಾ ಓದುವವಳ ಕಣ್ಣು ಮಂಜಾಯಿತು. ಕನ್ನಡಕ ಬದಲಿಸಿದಳು, ಪ್ರಯೋಜನವಾಗಲಿಲ್ಲ. ಹೇಳಿದರೆ ಜಾಗ ಹೋಗುತ್ತದೆ. ಬೀಡಿ ಕಟ್ಟೋಣವೆಂದರೆ ಅದಕ್ಕೂ ಕಣ್ಣು ಬೇಕು. ಹೆದರಿ ಬಾಯಿ ಮುಚ್ಚಿಕೊಂಡಳು. ಪುಸ್ತಕವನ್ನು ಸುಮ್ಮನೆ ಮುಂದೆ ಹಿಡಿದು, ಉಳಿದ ಕತೆಯನ್ನು ತಾನೇ ಹೆಣೆದು ಹೇಳತೊಡಗಿದಳು. ಮಾತು ತಡವರಿಸುತ್ತಿತ್ತು. ಹೆಂಗಸರು ಅದನ್ನು ಗಮನಿಸಿದರು, ಆದರೆ ತಪ್ಪು ತಿಳಿದರು. ಪಾಪ, ನಾವು ಕೊಡುವುದು ಕಡಿಮೆಯಾಯಿತು, ಅದಕ್ಕೇ ಇವಳಿಗೆ ಉತ್ಸಾಹವಿಲ್ಲ ಎಂದುಕೊಂಡರು. ಮರುದಿನದಿಂದ ಎರಡೆರಡು ಹಿಡಿ ಹಾಕಿದರು.

ಅವಳಿಗೆ ತಡೆಯಲಾಗಲಿಲ್ಲ. ಮೂರನೆಯ ಸಂಜೆ ಮೊರವನ್ನು ಹಿಂದಕ್ಕೆ ತಳ್ಳಿ ಅತ್ತುಬಿಟ್ಟಳು. "ಹಾಕಬೇಡಿರೇ. ಎರಡು ತಿಂಗಳಿಂದ ನನಗೆ ಒಂದಕ್ಷರವೂ ಕಾಣುತ್ತಿಲ್ಲ. ಬಾಯಿಗೆ ಬಂದದ್ದು ಹೇಳಿದ್ದೇನೆ."

ಎಲ್ಲರಿಗಿಂತ ಹಿರಿಯಳು ಕೇಳಿದಳು: "ಅಯ್ಯೋ ನಿನ್ನ! ಹಾಗಾದರೆ ಕತೆಯಲ್ಲಿ ಆ ತಬ್ಬಲಿ ಹುಡುಗಿಗೆ ಮದುವೆ ಮಾಡಿಸಿದ್ದು ನೀನೇನೇ?"

"ಹೂಂ ಅಕ್ಕಾ. ಪುಸ್ತಕದಲ್ಲಿ ಏನಾಗಿದೆಯೋ ನನಗೂ ಗೊತ್ತಿಲ್ಲ."

ಇನ್ನು ಬಿಡುತ್ತಾರೆಯೇ? ಹುಡುಗಿಯ ಗತಿ ಏನಾಯಿತೆಂದು ತಿಳಿಯದೆ ಅವರಿಗೆ ಅನ್ನ ಸೇರಲಿಲ್ಲ. ಒಬ್ಬಳು ಅದೇ ಪುಸ್ತಕವನ್ನು ತನ್ನ ಫೋನಿನಲ್ಲಿ ಹುಡುಕಿಸಿ, ಅಕ್ಷರ ದೊಡ್ಡದು ಮಾಡಿಕೊಟ್ಟಳು. ಓದುವವಳಿಗೆ ಕಂಡಿತು. ಆದರೆ ಕತೆಯ ಹುಡುಗಿ ಹೊಳೆಗೆ ಇಳಿಯುವಷ್ಟರಲ್ಲಿ ಬೀಡಿ ಗುತ್ತಿಗೆದಾರನ ಕರೆ, ನಡುನೀರಿಗೆ ಬರುವಷ್ಟರಲ್ಲಿ ನಾದಿನಿಯ ಕರೆ. ಒಂದು ವಾರ ಸಹಿಸಿದರು. ಆಮೇಲೆ ಹತ್ತು ಮಂದಿ ಸೇರಿ ದುಡ್ಡು ಹಾಕಿ, ನೀನು ಹೇಳಿದ ಆ ಯಂತ್ರವನ್ನೇ ತಂದರು.

ಗುತ್ತಿಗೆದಾರ ನಕ್ಕ. "ಹದಿಮೂರು ಸಾವಿರ ಸುರಿದಿರಾ? ಓದುವುದು ಬಿಟ್ಟರೆ ಇದರಲ್ಲಿ ಬೇರೇನೂ ಬರುವುದಿಲ್ಲವಲ್ಲ!"

"ಬರಬಾರದು ಅಂತಲೇ ತಂದದ್ದು ಸ್ವಾಮೀ. ನೀವು ಸ್ವಲ್ಪ ಸುಮ್ಮನಿರಿ, ಹುಡುಗಿ ಇನ್ನೂ ನೀರಿನಲ್ಲಿದ್ದಾಳೆ" ಎಂದಳು ಹಿರಿಯಳು.

ಗುರು ಅಷ್ಟಕ್ಕೆ ನಿಲ್ಲಿಸಿದರು. ಶಿಷ್ಯನ ಮುಖ ಅರಳಿತು. "ಹಾಗಾದರೆ ನಾನೂ ಕೊಳ್ಳಬಹುದು. ಹದಿಮೂರು ಸಾವಿರವೇನೂ ಹೆಚ್ಚಲ್ಲ ಬಿಡಿ!"

ಗುರು ಹೇಳಿದರು: "ಕೊಳ್ಳಪ್ಪಾ, ಬೇಡವೆಂದವರು ಯಾರು? ಬಂದಾಗಿನಿಂದ ಬೆಲೆ ಹೇಳುತ್ತಿದ್ದೀಯೇ ಹೊರತು, ಯಾವ ಪುಸ್ತಕ ಓದಬೇಕೆಂದು ಒಮ್ಮೆಯೂ ಹೇಳಲಿಲ್ಲ."