ಅಳಿಸಿಹೋದ ಬಿರುಕು

"ಗುರುಗಳೇ, ನಾನು ಮಾಡಿದ ಕೆಲಸದ ಒಳಗನ್ನೆಲ್ಲ ಜನರ ಮುಂದೆ ಬಿಚ್ಚಿಟ್ಟರೆ, ನನ್ನ ತಪ್ಪುಗಳನ್ನು ನಾನೇ ತೋರಿಸಿಕೊಂಡಂತಾಗುವುದಿಲ್ಲವೇ?" ಎಂದು ಸುಮಿತ್ರೆ ಕೇಳಿದಳು.

ಗುರುಗಳು ಹೇಳಿದರು:

ಒಬ್ಬ ಗಣಿತಜ್ಞನಿದ್ದ. ದೇಹವನ್ನು ಪದರ ಪದರವಾಗಿ ತೆಗೆದ ಸ್ಕ್ಯಾನ್ ಚಿತ್ರಗಳನ್ನು ಒಂದರ ಮೇಲೊಂದು ಜೋಡಿಸಿ, ಮೂಳೆಯನ್ನು ಇಡಿಯಾಗಿ ಕಂಪ್ಯೂಟರ್ ಪರದೆಯ ಮೇಲೆ ತಿರುಗಿಸಿ ನೋಡುವಂಥ ತಂತ್ರಾಂಶವೊಂದನ್ನು ಬರೆದ. ಹತ್ತು ವರ್ಷ ಅದಕ್ಕೇ ಮುಡಿಪಾಗಿಟ್ಟ. ಬಳಸುವುದಕ್ಕಷ್ಟೇ ಅಲ್ಲ, ಅದರ ಒಂದೊಂದು ಸಾಲನ್ನೂ ಯಾರು ಬೇಕಾದರೂ ಓದಲಿ, ತಿದ್ದಲಿ ಎಂದು ತೆರೆದಿಟ್ಟ. ವೈದ್ಯರು ಬಳಸಿದರು, ಹೊಗಳಿದರು. ಚಿತ್ರಗಳ ನುಣುಪೇ ಅವನ ಹೆಮ್ಮೆ.

ಒಂದು ದಿನ ದೂರದ ಊರಿನ ಭೂವಿಜ್ಞಾನಿಯೊಬ್ಬಳು ಅವನಿಗೆ ಪತ್ರ ಬರೆದಳು. ಬಂಡೆಗಳ ಒಳಗನ್ನು ನೋಡಲು ಆಕೆಯೂ ಅದೇ ತಂತ್ರಾಂಶವನ್ನು ಬಳಸುತ್ತಿದ್ದಳು. "ನಿಮ್ಮ ಚಿತ್ರದಲ್ಲಿ ಈ ಕಲ್ಲು ಗಟ್ಟಿಯಾಗಿದೆ. ಕೊಯ್ದು ನೋಡಿದರೆ ಒಳಗೆ ಬಿರುಕಿದೆ. ನುಣುಪು ಮಾಡುವ ಭರದಲ್ಲಿ ಬಿರುಕನ್ನೂ ಅಳಿಸುತ್ತಿದ್ದೀರಿ. ತಪ್ಪಿರುವ ಸಾಲನ್ನು ಗುರುತು ಮಾಡಿ ಕಳಿಸಿದ್ದೇನೆ."

ಅವನಿಗೆ ಸಿಟ್ಟು ಬಂತು. ಕಲ್ಲು ಒಡೆಯುವವಳಿಗೆ ಮೂಳೆಯ ವಿಷಯ ಏನು ತಿಳಿದೀತು ಎಂದುಕೊಂಡ. ಎರಡು ದಿನ ಪತ್ರದ ಕಡೆ ತಿರುಗಿಯೂ ನೋಡಲಿಲ್ಲ. ಮೂರನೆಯ ದಿನ ತಡೆಯಲಾಗದೆ ಆ ಸಾಲನ್ನು ತಿದ್ದಿ, ಹಳೆಯದೊಂದು ಬೆನ್ನುಮೂಳೆಯ ಸ್ಕ್ಯಾನನ್ನು ಮತ್ತೆ ತೆರೆದ. ನುಣ್ಣಗಿದ್ದ ಮೂಳೆಯಲ್ಲಿ ಕೂದಲೆಳೆಯಷ್ಟು ಸೀಳು ಕಂಡಿತು.

ಸದ್ದಿಲ್ಲದೆ ತಿದ್ದಿ ಸುಮ್ಮನಿರಬಹುದಿತ್ತು. ಅವನು ಹಾಗೆ ಮಾಡಲಿಲ್ಲ. ತಪ್ಪು ತನ್ನದು, ಕಂಡುಹಿಡಿದವರು ಇಂಥವರು, ಹಳೆಯ ಚಿತ್ರಗಳನ್ನು ನಂಬದೆ ಇನ್ನೊಮ್ಮೆ ನೋಡಿ ಎಂದು ಬಳಸುವವರಿಗೆಲ್ಲ ಬರೆದ. ಮರುದಿನದ ಶಸ್ತ್ರಚಿಕಿತ್ಸೆಗೆ ಅಣಿಯಾಗಿದ್ದ ವೈದ್ಯನೊಬ್ಬ ಇನ್ನೊಮ್ಮೆ ನೋಡಿದ. ಮೂಳೆಗೆ ಸ್ಕ್ರೂ ಕೂರಿಸಬೇಕೆಂದಿದ್ದ ಜಾಗದಲ್ಲೇ ಬಿರುಕಿತ್ತು. ಜಾಗ ಬದಲಿಸಿದ. ಆ ರೋಗಿ ಒಬ್ಬ ನೇಕಾರ ಹೆಂಗಸು. ತಿಂಗಳೊಳಗೆ ಎದ್ದು ನಡೆದಳು.

ಆದರೂ ತಪ್ಪಿತ್ತೆಂದು ತಿಳಿದ ಮೇಲೆ ಅರ್ಧಕ್ಕರ್ಧ ಆಸ್ಪತ್ರೆಗಳು ಅವನ ತಂತ್ರಾಂಶವನ್ನು ಕೈಬಿಟ್ಟವು. ಒಳಗೇನಿದೆ ಎಂದು ಯಾರಿಗೂ ತೋರಿಸದ ಒಂದು ಕಂಪನಿಯ ತಂತ್ರಾಂಶವನ್ನು ಕೊಂಡವು. ಅವನು ಬೇಸರಪಟ್ಟ, ಆದರೆ ತೆರೆದಿಟ್ಟಿದ್ದನ್ನು ಮುಚ್ಚಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ಸುಮಿತ್ರೆಗೆ ಸಮಾಧಾನವಾಗಲಿಲ್ಲ.

"ಹಾಗಾದರೆ ಆ ಕಂಪನಿಯ ತಂತ್ರಾಂಶದಲ್ಲಿ ತಪ್ಪೇ ಇರಲಿಲ್ಲವೇ?" ಎಂದಳು.

"ಗೊತ್ತಿಲ್ಲ, ತಾಯಿ. ನೋಡಿದವರಿಲ್ಲ" ಎಂದರು ಗುರುಗಳು.