ಆಚೆದಡದ ಎರಡು ಹೊಗೆ

ಒಂದಾನೊಂದು ಕಾಲದಲ್ಲಿ, ಯಾವ ಕಾಲ ಅಂತ ಕೇಳ್ತೀಯ ನೀನು, ಅದಕ್ಕೆ ಮೊದಲೇ ಹೇಳ್ತೀನಿ, ಬೆಂಕಿಪೊಟ್ಟಣ ಅನ್ನೋದು ಇನ್ನೂ ಹುಟ್ಟದೇ ಇದ್ದ ಕಾಲದಲ್ಲಿ. ಆಗ ಒಂದು ಮನೇಲಿ ಒಲೆ ಆರಿಹೋದ್ರೆ ಮಡಕೆ ಚೂರು ಹಿಡ್ಕೊಂಡು ಪಕ್ಕದ ಮನೆಗೆ ಓಡ್ಬೇಕಿತ್ತು, ಅಕ್ಕಯ್ಯ ಒಂಚೂರು ಕೆಂಡ ಕೊಡು ಅಂತ ಕೇಳ್ಬೇಕಿತ್ತು. ಕೆಂಡ ಇಲ್ಲ ಅಂತ ಯಾರೂ ಅಂತಿರ್ಲಿಲ್ಲ. ಕೇಳೋರೂ ಬರಿಗೈಲಿ ಹೋಗ್ತಿರ್ಲಿಲ್ಲ, ಒಂದು ಹಿಡಿ ಸೊಪ್ಪೋ ಒಂದು ಚೂರು ಬೆಲ್ಲಾನೋ ಕೊಟ್ಟು ಬರೋರು. ಇದನ್ನ ನೆನಪಲ್ಲಿಟ್ಕೋ ಕೂಸೇ, ಮುಂದೆ ಬೇಕಾಗುತ್ತೆ. ಕಂಬಳಿ ಒದೀಬೇಡ, ಕಾಲು ಒಳಗೆ ತಗೋ.

ಆ ಕಾಲದಲ್ಲಿ ಒಂದು ದೊಡ್ಡ ಕಾಡು, ಕಾಡಿನ ನಡುಮಧ್ಯೆ ಏಳುಕೋಡಿ ಕೆರೆ ಅಂತ ಒಂದು ಕೆರೆ ಇತ್ತಂತೆ. ನಮ್ಮೂರ ಕೆರೆ ಥರ ಅನ್ಕೋಬೇಡ, ನಾಲ್ಕು ಎಮ್ಮೆ ಮಲಗಿದ್ರೆ ತುಂಬಿಹೋಗುತ್ತಲ್ಲ, ಅದಲ್ಲ. ಈ ದಡದಲ್ಲಿ ಹರಿಗೋಲು ಹತ್ತಿ ಕೂತ್ರೆ ನಾಲ್ಕು ಸಲ ಎಲೆಅಡಿಕೆ ಹಾಕ್ಕೊಂಡು ಉಗುಳಿದ್ರೂ ಆ ದಡ ಬರ್ತಿರ್ಲಿಲ್ಲವಂತೆ. ಈ ದಡದಲ್ಲಿ ಹತ್ತು ಮನೆ. ಆ ದಡದಲ್ಲಿ ಒಂದೇ ಒಂದು ಗುಡಿಸಲು. ಅದಕ್ಕೆ ಸೊಂಟದುದ್ದ ಮಣ್ಣಿನ ಗೋಡೆ, ಮೇಲೆ ಹುಲ್ಲು, ಬಾಗಿಲಿಗೆ ಬದಲು ಒಂದು ಬಿದಿರು ತಟ್ಟಿ, ಒಳಗೆ ಮೂರು ಕಲ್ಲಿನ ಒಲೆ, ಒಂದು ಮಡಕೆ, ಅಷ್ಟೇ. ಅಲ್ಲಿಂದಾಚೆ ಎರಡು ದಿನ ನಡೆದ್ರೂ ಇನ್ನೊಂದು ಮನೆ ಇಲ್ಲವಂತೆ.

ಹರಿಗೋಲು ನಡೆಸ್ತಿದ್ದೋನು ಅಂಬಿಗರ ಕಾಳಯ್ಯ. ಅವನಿಗೆ ಮೂರು ಜನ ಹೆಣ್ಣುಮಕ್ಕಳು, ತಾಯಿ ಇರ್ಲಿಲ್ಲ. ದೊಡ್ಡವಳು ದೊಡ್ಡೀರಿ, ನಡುವಿನವಳು ನಂಜಿ, ಕೊನೆಯವಳು ಪುಟ್ಟೀರಿ. ಆಮೇಲೆ ಏನಾಯ್ತಪ್ಪಾ ಅಂದ್ರೆ ಕಾಳಯ್ಯನಿಗೆ ವಯಸ್ಸಾಗಿ ಕೈ ನಡುಗೋಕೆ ಶುರುವಾಯ್ತಂತೆ, ಹುಟ್ಟು ಹಿಡಿದ್ರೆ ಹರಿಗೋಲು ಮುಂದೆ ಹೋಗೋದು ಬಿಟ್ಟು ಬುಗುರಿ ಥರ ನಿಂತಲ್ಲೇ ಸುತ್ತುತ್ತಿತ್ತಂತೆ. ಅವನ ತಮ್ಮ ಜವರಯ್ಯ ಅಂತಿದ್ದ. ಅವನು ಊರ ಯಜಮಾನರ ಹತ್ರ ಹೋಗಿ, ಅಣ್ಣನಿಗೆ ಗಂಡುಮಕ್ಕಳಿಲ್ಲ, ಹುಟ್ಟು ನನಗೆ ಕೊಡಿ, ಹರಿಗೋಲು ಕಟ್ಟೋ ಕಡವಿನ ಮನೇನೂ ಬಿಡಿಸಿಕೊಡಿ ಅಂದ್ನಂತೆ. ಆ ಮನೆ ಹುಟ್ಟು ಹಿಡಿದೋರ ಮನೆ ಕಣೇ. ಹುಟ್ಟು ಹೋದ್ರೆ ಮನೇನೂ ಹೋದಂಗೆ. ಮುದಿ ಅಪ್ಪನ್ನ ಕರ್ಕೊಂಡು ಆ ಹುಡುಗಿಯರು ಎಲ್ಲಿಗೆ ಹೋಗ್ಬೇಕು ಹೇಳು?

ಆದ್ರೆ ಯಜಮಾನರು ಕಟ್ಟಳೆ ಬಿಡೋರಲ್ಲ. ಹುಟ್ಟು ಹಿಡಿಯೋರು ಯಾರೇ ಆಗ್ಲಿ, ಒಬ್ಬರೇ ಆಚೆದಡದ ಗುಡಿಸಲಲ್ಲಿ ಇರ್ಬೇಕು, ಮೂರು ಬೆಳಗ್ಗೆ ಹೊಗೆ ಎಬ್ಬಿಸಿ ತೋರಿಸ್ಬೇಕು. ನಮ್ಮ ಕಡವಿನ ಹುಣಸೆಮರದ ನೆತ್ತಿ ಸೂರ್ಯ ದಾಟೋದ್ರೊಳಗೆ ಹೊಗೆ ಕಾಣ್ಬೇಕು, ಒಂದು ದಿನ ತಪ್ಪಿದ್ರೂ ವಾಪಸ್ ಅಂದ್ರಂತೆ. ಯಾಕೆ ಅಂದ್ರೆ ಗಾಳಿ ಎದ್ರೆ ಹರಿಗೋಲು ದಿನಗಟ್ಲೆ ಆ ದಡದಲ್ಲೇ ನಿಲ್ಲುತ್ತೆ, ಅಂಬಿಗನನ್ನ ನಂಬ್ಕೊಂಡು ಬಂದ ಜನ ಉಪವಾಸ ಬೀಳ್ಬಾರ್ದಲ್ಲ, ಅದಕ್ಕೆ. ಮಡಿಲಲ್ಲಿ ಎಷ್ಟು ಹಿಡಿಸುತ್ತೋ ಅಷ್ಟು ಸಾಮಾನು, ಒಂದು ಮಡಕೇಲಿ ಕೆಂಡ, ಅಷ್ಟೇ ಒಯ್ಯೋ ಹಾಗಿದ್ದಿದ್ದು. ಹೆಣ್ಣುಮಕ್ಕಳು ಹೋಗ್ಬಾರ್ದು ಅಂತ ಕಟ್ಟಳೇಲಿ ಎಲ್ಲೂ ಇರ್ಲಿಲ್ಲವಂತೆ, ಅದಕ್ಕೆ ಅಪ್ಪನ ಬದಲು ನಾವೇ ಒಬ್ಬೊಬ್ಬರಾಗಿ ಹೋಗ್ತೀವಿ ಅಂದ್ರಂತೆ ಮೂವರೂ. ಜವರಯ್ಯ ಮೀಸೆ ಒಳಗೇ ನಕ್ಕು, ಹೋಗ್ಲಿ ಬಿಡಿ, ನಾನೇ ಬಿಟ್ಟು ಬರ್ತೀನಿ, ನಾನೇ ಕರ್ಕೊಂಡು ಬರ್ತೀನಿ ಅಂದ್ನಂತೆ.

ಮೊದಲು ದೊಡ್ಡೀರಿ ಹೋದ್ಲು. ಅವಳು ಬೀಸೋಕಲ್ಲನ್ನ ಒಂದೇ ಕೈಲಿ ಎತ್ತೋಳು, ಭಯ ಅಂದ್ರೆ ಏನು ಅಂತ ಗೊತ್ತಿಲ್ಲದೋಳು. ಮೊದಲ ಬೆಳಗ್ಗೆ ಹೊಗೆ ಬಂತು. ಎರಡನೇ ಬೆಳಗ್ಗೆ ತಟ್ಟಿ ತೆಗೀತಾಳೆ, ಎದುರಿಗೆ ಆನೆ ಹಿಂಡು! ಬೀಸೋಕಲ್ಲು ಎತ್ತೋ ಕೈ ಮರ ಹತ್ತೋಕೆ ಬಂತಂತೆ. ಆನೆಗಳು ಕೆಟ್ಟವೇನಲ್ಲ, ಅವು ನೀರು ಕುಡಿದು ಅದೇ ಮರದ ಕೆಳಗೆ ನಿಂತ್ಕೊಂಡು ಆರಾಮಾಗಿ ತೂಕಡಿಸಿದ್ವಂತೆ. ಇವಳು ಮೇಲೆ, ಒಲೆ ಕೆಳಗೆ. ಸೂರ್ಯ ಹುಣಸೆಮರ ದಾಟಿ ಹೋದ.

ಆಮೇಲೆ ನಂಜಿ. ನಂಜಿ ಅಂದ್ರೆ ನಿನ್ನ ಥರ, ಬಾಯಿ ಮುಚ್ಚೋದೇ ಇಲ್ಲ. ಮೊದಲ ದಿನ ಮಡಕೆ ಜೊತೆ ಮಾತಾಡಿದ್ಲಂತೆ, ಎರಡನೇ ದಿನ ಕಪ್ಪೆ ಜೊತೆ. ಎರಡು ಹೊಗೆ ಬಂತು. ಮೂರನೇ ದಿನ ಬೆಳಗ್ಗೇನೇ ಜೇನು ಕೀಳೋರು ನಾಲ್ಕು ಜನ ಆ ದಾರೀಲಿ ಬಂದ್ರಂತೆ. ಇವಳಿಗೆ ಹಬ್ಬ ಆಗೋಯ್ತು. ಯಾವೂರು, ಎಷ್ಟು ಮಕ್ಕಳು, ಜೇನು ಕಚ್ಚಿದ್ರೆ ಏನು ಹಚ್ತೀರಿ ಅಂತ ಕೇಳ್ಕೊಂಡು ಕೇಳ್ಕೊಂಡು ಅವರ ಹಿಂದೇನೇ ಹೋದ್ಲಂತೆ. ಒಲೆ ನೆನಪಾದಾಗ ಮಟಮಟ ಮಧ್ಯಾಹ್ನ. ಮನೆಗೆ ಬಂದು ಅಪ್ಪನ ಮುಖ ನೋಡಿ ಅವತ್ತೊಂದು ದಿನ ಬಾಯಿ ಮುಚ್ಚಿದ್ಲಂತೆ.

ಇನ್ನು ಉಳಿದೋಳು ಪುಟ್ಟೀರಿ ಒಬ್ಬಳೇ. ಅವಳಿಗೆ ಅಕ್ಕಂದಿರಷ್ಟು ಶಕ್ತಿ ಇಲ್ಲ, ಬಾಯೂ ಇಲ್ಲ, ಮನೆಗೆಲಸ ಅಂದ್ರೆ ಮಾತ್ರ ಪ್ರಾಣ. ಮಡಿಲಲ್ಲಿ ರಾಗಿ ಹುರಿಹಿಟ್ಟು, ಒಂದು ಅಚ್ಚು ಬೆಲ್ಲ ಕಟ್ಕೊಂಡು ಹೊರಟಳು. ದಾರಿಯುದ್ದಕ್ಕೂ ಜವರಯ್ಯ, ಸುಮ್ನೆ ಈಗಲೇ ವಾಪಸ್ ಹೋಗೋಣ ಬಾ ಮಗಾ, ನೀನು ಕೋಳಿ ಕಂಡ್ರೂ ಹೆದರೋಳು ಅಂತ ಚುಚ್ಚಿದ್ನಂತೆ. ಇವಳು ಕೆಂಡದ ಮಡಕೆ ತಬ್ಬಿಕೊಂಡು ಕೂತಿದ್ಲು.

ಅಲ್ಲಿ ಇಳಿದ ಮೇಲೆ ನೋಡು, ಅವಳಿಗೆ ಹೆದರಿಕೆ ಆಗೋದು ಬಿಟ್ಟು ಕುಣಿಯೋಷ್ಟು ಖುಷಿ ಆಯ್ತಂತೆ! ಎಷ್ಟು ನೀರು, ಎಲ್ಲಾ ಅವಳಿಗೇ. ನೀರುನಾಯಿಗಳು ತಲೆ ಎತ್ತಿ ನೋಡಿ ಮುಳುಗೋವು, ಇವಳೂ ಮುಳುಗಿ ಎದ್ದು ಅವನ್ನ ನೋಡೋಳು. ಹುಲ್ಲು ಹಾಸಿ ಮಲಗಿದ್ರೆ ಸೂರಿನ ಸಂದಿಯಿಂದ ಆಕಾಶ ಕಾಣೋದು. ಬೆಳಗ್ಗೆ ಮೊದಲ ಹೊಗೆ ಎಬ್ಬಿಸಿದಾಗ ಈಚೆ ದಡದಲ್ಲಿ ಅಪ್ಪ ನೋಡ್ತಿದ್ದಾನೆ ಅಂತ ಕೈ ಬೀಸಿದ್ಲಂತೆ, ಅಷ್ಟು ದೂರಕ್ಕೆ ಕೈ ಕಾಣುತ್ತಾ, ಆದ್ರೂ ಬೀಸಿದ್ಲು. ಕಾಳಯ್ಯನೂ ಇಲ್ಲಿಂದ ನಡುಗೋ ಕೈ ಬೀಸಿದ್ನಂತೆ.

ಎರಡನೇ ಹೊಗೇನೂ ಬಂತು. ಅವತ್ತು ಮಧ್ಯಾಹ್ನ ಆನೆ ಹಿಂಡು ಬಂತು. ದೊಡ್ಡಕ್ಕ ವಾಪಸ್ ಬಂದಾಗ ಹೇಳಿದ್ಲಂತೆ, ಅವು ಕೆಟ್ಟವಲ್ಲ ಅಂತ, ಅದಕ್ಕೆ ಪುಟ್ಟೀರಿ ತಟ್ಟಿ ಸಂದೀಲಿ ನೋಡ್ತಾ ಕೂತ್ಲು. ಹಿಂಡಲ್ಲಿ ಒಂದು ಮರಿ, ಅದರ ಕಿವಿ ಹಿಂದೆ ಗಾಯ, ಗಾಯದ ತುಂಬಾ ನೊಣ. ಪಾಪ, ಮರಿ ತಲೆ ಕೊಡವಿ ಕೊಡವಿ ಅಳ್ತಾ ಇತ್ತಂತೆ. ಇವಳಿಗೆ ತಡೀಲಿಲ್ಲ. ಮನೇಲಿ ಕರು ಇದ್ದಾಗ ಕೊಟ್ಟಿಗೇಲಿ ಹೊಗೆ ಹಾಕ್ತಿದ್ದಳಲ್ಲ, ಹಂಗೇ ಅವು ಅತ್ತ ನೀರಿಗಿಳಿದಾಗ ಮೆಲ್ಲಗೆ ಹೋಗಿ, ಒಣಗಿದ ಆನೆ ಲದ್ದಿ ಗುಡ್ಡೆ ಹಾಕಿ, ಅದರೊಳಗೆ ಎರಡು ಕೆಂಡ ಹುದುಗಿಸಿ ಓಡಿ ಬಂದ್ಲಂತೆ. ಹೊಗೆ ಎದ್ದಿದ್ದೇ ತಡ ತಾಯಿ ಆನೆ ಮರೀನ ತಳ್ಕೊಂಡು ಬಂದು ಹೊಗೆಯೊಳಗೆ ನಿಲ್ಲಿಸ್ತಂತೆ. ನೊಣ ಎಲ್ಲಾ ಪರಾರಿ.

ಸರಿ, ಸಂಜೆ ಹೊತ್ತಿಗೆ ಪುಟ್ಟೀರಿಗೆ ಒಂದು ಯೋಚನೆ ಬಂತು. ನಾಳೆ ಬೆಳಗ್ಗೆ ಒಂದು ಹೊಗೆ ಎಬ್ಬಿಸಿದ್ರೆ ಮುಗೀತು, ಅಪ್ಪ ಬರ್ತಾನೆ, ಯಜಮಾನರು ಬರ್ತಾರೆ, ಗುಡಿಸಲು ಹಿಂಗಿದ್ರೆ ಏನಂದ್ಕೋತಾರೆ ಅಂತ. ಗುಡಿಸಿದ್ಲು, ಮಡಕೆ ತಿಕ್ಕಿದ್ಲು, ಆಮೇಲೆ ಸಗಣಿ ಇಲ್ಲ ಅಂತ ಆನೆ ಲದ್ದೀನೇ ಕಲಸಿ ನೆಲ ಸಾರಿಸಿದ್ಲು, ಸಾರಿಸ್ತಾ ಸಾರಿಸ್ತಾ ಒಲೆಯ ಬೂದೀನೂ ಬಳಿದು ಆಚೆ ಸುರಿದು, ಒಲೇನೂ ಸಾರಿಸಿ, ರಂಗೋಲಿ ಎರಡು ಎಳೆ ಎಳೆದು, ಅಬ್ಬಾ ಎಷ್ಟು ಚೆನ್ನಾಗಿದೆ ಅಂತ ನೋಡ್ಕೊಂಡು ಮಲಗಿದ್ಲಂತೆ.

ಗೊತ್ತಾಯ್ತಾ ಏನು ಮಾಡಿದ್ಲು ಅಂತ? ಬೂದಿಯೊಳಗೇ ಅಲ್ವಾ ಕೆಂಡ ಇದ್ದಿದ್ದು!

ಬೆಳಗ್ಗೆ ಎದ್ದು ಒಲೆ ಮುಂದೆ ಕೂತು ಕೈ ಇಟ್ಟು ನೋಡ್ತಾಳೆ, ತಣ್ಣಗೆ ಕಲ್ಲು. ಆಚೆ ಸುರಿದ ಬೂದಿ ಕೆದಕಿದ್ಲು, ಇಬ್ಬನಿ ಬಿದ್ದು ಮುದ್ದೆ ಆಗಿತ್ತು. ತಕ್ಷಣ ಅಭ್ಯಾಸದಂಗೆ ಒಂದು ಮಡಕೆ ಚೂರು ಎತ್ಕೊಂಡು, ಉಳಿದ ಬೆಲ್ಲ ಸೆರಗಿಗೆ ಕಟ್ಕೊಂಡು, ಪಕ್ಕದ ಮನೆಗೆ ಅಂತ ತಟ್ಟಿ ತೆಗೆದು ಹೊರಗೆ ಕಾಲಿಟ್ಟೇಬಿಟ್ಲಂತೆ. ಪಕ್ಕದ ಮನೆ ಎಲ್ಲಿ ಬರ್ಬೇಕು? ಬರೀ ಕಾಡು. ಅಲ್ಲೇ ನಿಂತು ಅಳು ಬಂತಂತೆ ಅವಳಿಗೆ. ಅಪ್ಪನ ಮನೆ ಹೋಯ್ತಲ್ಲಪ್ಪ, ನನ್ನ ಕೈಯ್ಯಾರೆ ಸಾರಿಸಿ ಹಾಕಿದ್ನಲ್ಲ ಅಂತ.

ಈಚೆ ದಡದಲ್ಲಿ ಸೂರ್ಯ ಹುಣಸೆಮರದ ಕೊಂಬೆಗೆ ಬಂದಿದ್ದ. ಹೊಗೆ ಇಲ್ಲ. ಊರೆಲ್ಲಾ ಕಡವಲ್ಲಿ ನಿಂತಿತ್ತು. ಜವರಯ್ಯ ಆಗಲೇ ಹರಿಗೋಲು ನೀರಿಗೆ ತಳ್ಳಿ, ಹುಟ್ಟು ಹೆಗಲ ಮೇಲಿಟ್ಕೊಂಡು, ಕರ್ಕೊಂಡು ಬರ್ಲಾ ಅಂತ ಕೇಳ್ತಿದ್ನಂತೆ. ತಾಳಯ್ಯ, ಸೂರ್ಯ ಇನ್ನೂ ನೆತ್ತಿ ದಾಟಿಲ್ಲ ಅಂದ್ರು ಯಜಮಾನರು.

ಅಲ್ಲಿ ಪುಟ್ಟೀರಿ ಕಣ್ಣೊರೆಸ್ಕೊಂಡು ಕೆರೆ ಅಂಚು ನೋಡ್ತಾಳೆ, ತಾಯಿ ಆನೆ ಮರಿ ಜೊತೆ ಅಲ್ಲೇ ನಿಂತಿದೆ, ನಿನ್ನೆಯ ಲದ್ದಿ ಗುಡ್ಡೆ ಪಕ್ಕದಲ್ಲೇ. ಗುಡ್ಡೆ ಕರ್ರಗಾಗಿತ್ತು. ಆದ್ರೆ ಲದ್ದಿ ಬೇಗ ಉರಿದು ಹೋಗಲ್ಲ ಕೂಸೇ, ಒಳಗೊಳಗೇ ಬೇಯ್ತಾ ಇರುತ್ತೆ. ಕೋಳಿಗೆ ಹೆದರೋ ಹುಡುಗಿ ಮಡಕೆ ಚೂರು ಹಿಡ್ಕೊಂಡು ಒಂದೊಂದೇ ಹೆಜ್ಜೆ ಇಟ್ಕೊಂಡು ಆನೆ ಹತ್ರ ಹೋದ್ಲು. ಹತ್ತು ಮಾರು ದೂರ ನಿಂತು, ಬೆಲ್ಲ ನೆಲದ ಮೇಲಿಟ್ಟು, ಪಕ್ಕದ ಮನೆ ಹೊಸ್ತಿಲಲ್ಲಿ ನಿಂತು ಕೇಳೋ ಹಂಗೇ ಕೇಳಿದ್ಲಂತೆ:

"ಅಕ್ಕಯ್ಯ, ನಮ್ಮನೆ ಒಲೆ ಆರಿಹೋಗಿದೆ. ಒಂಚೂರು ಕೆಂಡ ಕೊಡ್ತೀಯಾ?"

ಆನೆ ಕಿವಿ ಬೀಸ್ತು. ಸೊಂಡಿಲು ಚಾಚಿ ಬೆಲ್ಲ ಮೂಸ್ತು, ಎತ್ತಿ ಮರಿ ಬಾಯಿಗಿಡ್ತು. ಆಮೇಲೆ ಒಂದು ಹೆಜ್ಜೆ ಹಿಂದಕ್ಕೆ, ಇನ್ನೊಂದು ಹೆಜ್ಜೆ ಹಿಂದಕ್ಕೆ ಹೋಗಿ ನಿಂತ್ಕೊಳ್ತಂತೆ. ಪುಟ್ಟೀರಿ ಮಂಡಿಯೂರಿ ಗುಡ್ಡೆ ಒಡೆದ್ಲು. ಒಳಗೆ ಕೆಂಪಗೆ ನಿಗಿನಿಗಿ ಕೆಂಡ!

ಚೂರಿಗೆ ಕೆಂಡ ತುಂಬ್ಕೊಂಡ್ಲು, ಉಳಿದಿದ್ದಕ್ಕೆ ಹಸಿಹುಲ್ಲು ಹಾಕಿದ್ಲು, ಮರಿಗೆ ಇನ್ನೂ ನೊಣ ಕಾಡುತ್ತಲ್ಲ ಅಂತ. ಹಾಕಿ ಓಡಿದ್ಲು ನೋಡು, ಹಂಗೆ ಓಡಿದ್ಲು. ಈಚೆ ದಡದಲ್ಲಿ ನಂಜಿ ಹೊಗೆ ಹೊಗೆ ಅಂತ ಕೂಗಿದ್ಲಂತೆ. ಜವರಯ್ಯ ಕಣ್ಣಿಗೆ ಕೈ ಅಡ್ಡ ಹಿಡಿದು ನೋಡಿ, ಅದು ಗುಡಿಸಲಿನದಲ್ಲ, ನೀರಂಚಿನದು, ಲೆಕ್ಕಕ್ಕಿಲ್ಲ ಅಂದ. ಸೂರ್ಯ ಹುಣಸೆಮರದ ತುತ್ತತುದಿ ಎಲೆಗೆ ಬಂದ. ದೊಡ್ಡೀರಿ ಅಪ್ಪನ ಕೈ ಗಟ್ಟಿಯಾಗಿ ಹಿಡ್ಕೊಂಡ್ಲು. ಅಷ್ಟರಲ್ಲಿ ನೀರಂಚಿನ ಹೊಗೆ ಪಕ್ಕದಲ್ಲೇ, ಗುಡಿಸಲ ಸೂರಿನ ಮೇಲೆ ಇನ್ನೊಂದು ಹೊಗೆ ಎದ್ದು ಬಂತಂತೆ, ನೆಟ್ಟಗೆ, ಬೆಳ್ಳಗೆ!

ಊರಿಗೆ ಊರೇ ಹರಿಗೋಲು ತುಂಬ್ಕೊಂಡು ಆಚೆದಡಕ್ಕೆ ಹೋಯ್ತು. ಪುಟ್ಟೀರಿ ಏನೂ ಮುಚ್ಚಿಡದೆ ಎಲ್ಲಾ ಹೇಳಿದ್ಲು. ಜವರಯ್ಯ ಬಿಡ್ತಾನಾ, ಕೊಟ್ಟ ಕೆಂಡ ಆರಿಸಿದ್ಲು, ಕಡ ತಂದ ಬೆಂಕಿ ನಡೆಯಲ್ಲ ಅಂತ ಜಗಳಕ್ಕೆ ನಿಂತ. ಯಜಮಾನರು ನಕ್ಕುಬಿಟ್ರಂತೆ.

"ಜವರಯ್ಯ, ನಮ್ಮ ತಾತನ ಕಾಲದಿಂದ ಇಲ್ಲಿಗೆ ಬಂದೋರೆಲ್ಲ ಒಬ್ಬೊಬ್ಬರೇ ಇದ್ದು ಬಂದ್ರು. ಪಕ್ಕದ ಮನೆ ಮಾಡ್ಕೊಂಡೋಳು ಇವಳೊಬ್ಬಳೇ. ಹುಟ್ಟು ಕೊಡು."

ಜವರಯ್ಯ ಹುಟ್ಟು ಕೊಟ್ಟ, ಕೊಟ್ಟು ತೆಪ್ಪಗೆ ಹರಿಗೋಲಲ್ಲಿ ಕೂತ್ಕೊಂಡ. ವಾಪಸ್ ಬರುವಾಗ ಹುಟ್ಟು ಹಾಕಿದ್ದು ಪುಟ್ಟೀರಿ. ಕಾಳಯ್ಯ ಮಗಳ ಎದುರಿಗೆ ಕೂತು ದಾರಿಯುದ್ದಕ್ಕೂ ಅತ್ನಂತೆ, ಸಂತೋಷಕ್ಕೆ. ಆಮೇಲೆ ಅಕ್ಕತಂಗಿಯರು ಮೂವರೂ ಕಡವು ನಡೆಸಿದ್ರು. ದೊಡ್ಡೀರಿ ಮೂಟೆ ಹತ್ತಿಸೋಳು, ನಂಜಿ ಜನಕ್ಕೆ ಬೇಜಾರಾಗದಂಗೆ ಮಾತಾಡೋಳು, ಪುಟ್ಟೀರಿ ಹುಟ್ಟು ಹಾಕೋಳು. ಆ ಗುಡಿಸಲಲ್ಲಿ ಯಾರು ಉಳಿದ್ರೂ ಬೆಳಗ್ಗೆ ಒಂದು ಹೊಗೆ ಒಲೇಲಿ ಎಬ್ಬಿಸ್ಬೇಕು, ಇನ್ನೊಂದು ನೀರಂಚಲ್ಲಿ ಪಕ್ಕದ ಮನೆಯೋರಿಗೆ ಅಂತ ಹೊಸ ಕಟ್ಟಳೆ ಆಯ್ತಂತೆ.

ಮಲಗಿದ್ಯಾ? ಮಲ್ಕೋ. ಹರಿಗೋಲು ದಡ ಸೇರ್ತು, ಕತೆ ಮುಗೀತು, ಪಕ್ಕದ ಮನೆ ಆನೆಮರಿಯೂ ಮಲಗ್ತು.