ಸತ್ತ ತಂತಿಗೂ ಅರ್ಥಿಂಗ್

ಕೊಪ್ಪಳ ಕಡೆಯ ಒಂದು ಊರಿನಲ್ಲಿ ಲೈನ್‌ಮನ್ ಕೆಲಸ ಕಲಿಸುವ ಶಾಲೆಯಿತ್ತು. ಅಂಗಳದಲ್ಲಿ ಒಂದು ಸಾಲು ಕಂಬ, ಅವುಗಳ ಮೇಲೆ ತಂತಿ. ಆ ತಂತಿಯಲ್ಲಿ ಕರೆಂಟು ಹರಿದದ್ದೇ ಇಲ್ಲ. ಬಟ್ಟೆ ಒಣಹಾಕಲು ಲಾಯಕ್ಕು ಎಂದು ಹುಡುಗರು ನಗುತ್ತಿದ್ದರು.

ಫಕ್ಕೀರಪ್ಪ ಮಾಸ್ತರರದ್ದು ಮಾತ್ರ ಒಂದೇ ಹಟ. ಕರೆಂಟಿಲ್ಲವೆಂದು ಯಾರೇ ಹೇಳಿರಲಿ, ಹತ್ತುವ ಮುಂಚೆ ಉದ್ದ ಕೋಲಿನಿಂದ ತಂತಿಗೆ ಅರ್ಥಿಂಗ್, ಅಂದರೆ ನೆಲದ ಸಂಪರ್ಕ, ಕೊಡಲೇಬೇಕು. ಎಲ್ಲಿಂದಲೋ ಕರೆಂಟು ನುಗ್ಗಿದರೆ ನೆಲಕ್ಕೆ ಇಳಿದುಹೋಗಲಿ, ಮೇಲಿದ್ದವರ ಜೀವ ಉಳಿಯಲಿ ಎಂದು.

ಲೈನ್ ಎಳೆಯುವ ಕಂಪನಿಯ ಅಂದಾನಪ್ಪ ಸಾಹುಕಾರರು ಒಂದು ದಿನ ಶಾಲೆಗೆ ಬಂದರು.

"ಮಾಸ್ತರ, ಈ ಶಾಲಿ ಇಬ್ಬರೂ ಕೂಡಿ ನಡಸೋಣ. ಸಾಮಾನು ನಾನು ಕೊಡ್ತೀನಿ, ನೀವು ಕಲಿಸ್ರಿ. ಕಲಿತವರಿಗೆ ನನ್ನ ಕಡೆ ಕೆಲಸ. ಆದ್ರ ಮೊದಲು ನಿಮ್ಮ ಮಂದಿ ಎಷ್ಟು ಚುರುಕು ಅದಾರ ನೋಡಬೇಕು. ಕಂಬದ ಮ್ಯಾಲ ತಂತಿ ಕೂಡಿಸೋ ಪಿಂಗಾಣಿ ಬದಲಿಸಿ ಲಗೂನ ಇಳೀಬೇಕು."

ಮಾಸ್ತರರು ಒಪ್ಪಿಕೊಂಡರು. ಹಿಂದೆ ಕಲಿತವರೆಲ್ಲ ಕೆಲಸವಿಲ್ಲದೆ ಮನೆಯಲ್ಲಿ ಕೂತಿದ್ದರು. ಈ ಮಾತು ಮುರಿದುಬಿದ್ದರೆ ಶಾಲೆಗೆ ಬೀಗವೇ ಗತಿ.

ಒಬ್ಬೊಬ್ಬರಿಗೆ ಒಂದೊಂದು ಕಂಬ. ಹುಡುಗರು ಅರ್ಥಿಂಗ್ ಬಿಟ್ಟು ಸರಸರ ಹತ್ತಿಯೇಬಿಟ್ಟರು. ನೀಲವ್ವ ಎಂಬ ಹುಡುಗಿ ಮಾತ್ರ ಕೆಳಗೇ ನಿಂತು ಕೋಲು ಜೋಡಿಸುತ್ತಿದ್ದಳು.

"ಯವ್ವಾ ನೀಲವ್ವಾ, ಆ ತಂತಿಗೆ ಹುಟ್ಟಿದಾಗಿಂದ ಜೀವಾನ ಇಲ್ಲ!" ಎಂದು ಮೇಲಿನಿಂದ ಒಬ್ಬ ಕಿಚಾಯಿಸಿದ.

ಬಿಟ್ಟು ಹತ್ತವ್ವ ಎನ್ನಲು ಮಾಸ್ತರರು ಬಾಯಿ ತೆರೆದರು. ತಾನೇ ಕಲಿಸಿದ್ದನ್ನು ತಾನೇ ಬಿಡಿಸುವುದೇ? ಬಾಯಿ ಮುಚ್ಚಿಕೊಂಡರು. ನೀಲವ್ವ ಎಲ್ಲರಿಗಿಂತ ಕೊನೆಗೆ ಇಳಿದಳು.

"ಕರೆಂಟಿಲ್ಲ ಅಂತ ಗೊತ್ತಿದ್ದೂ ಯಾಕವ್ವಾ ಹೊತ್ತು ಕಳದಿ?" ಸಾಹುಕಾರರು ಸಿಡುಕಿದರು.

"ನನಗ ಗೊತ್ತೈತ್ರಿ, ನನ್ನ ಕೈಗೆ ಗೊತ್ತಿಲ್ಲ. ಇಲ್ಲಿ ಬಿಟ್ಟು ಹತ್ತಿ ರೂಢಿ ಆದ್ರ, ನಾಳೆ ಹೊಲದಾಗಿನ ಕಂಬಾನೂ ಹಂಗ ಹತ್ತತೀನ್ರಿ."

ಸಾಹುಕಾರರ ಮುಖ ಸಪ್ಪಗಾಯಿತು. "ನಮ್ಮ ಹುಡುಗ ಒಬ್ಬಾಂವ ಕರೆಂಟಿಲ್ಲ ಅಂತ ನಂಬಿ ಹತ್ತಿ, ಕೈ ಸುಟಗೊಂಡು ದವಾಖಾನ್ಯಾಗ ಮಲಗ್ಯಾನ. ಅವನಷ್ಟು ಚುರುಕು ಯಾರೂ ಇದ್ದಿಲ್ಲ."

ಅವರು ಮಾಸ್ತರರ ಕೈ ಹಿಡಿದುಕೊಂಡರು. "ಮಾತು ಪಕ್ಕಾ ಮಾಸ್ತರ. ಈಕಿ ನಮ್ಮ ಕಡೆ ಬರಲಿ. ಈ ಹುಡುಗರನ್ನ ಇನ್ನಷ್ಟು ತಿದ್ರಿ, ಅವರೂ ಬರಲಿ. ಆದ್ರ ಮೊದಲು ನಮ್ಮ ಮಂದೀನ ನಿಮ್ಮ ಶಾಲಿಗೆ ಕಳಸ್ತೀನಿ. ನಾನೂ ಬರ್ತೀನಿ."

ಸಾಹುಕಾರರು ಬಂದೇ ಬಂದರು, ಧೋತರ ಬಿಟ್ಟು ಪ್ಯಾಂಟು ತೊಟ್ಟು. ಅವರಿಗೆ ಕೋಲು ಹಿಡಿಯಲು ಕಲಿಸಿದವಳು ನೀಲವ್ವ. ಮಾಸ್ತರರು ದೂರ ನಿಂತು, ಕಣ್ಣು ತುಂಬಿಕೊಂಡೇ ಮೀಸೆ ತಿರುವಿದರು.

ನೀತಿ: ಅಪಾಯವಿಲ್ಲದ ಕಡೆಯೂ ಬಿಡದೆ ಪಾಲಿಸಿದ ಶಿಸ್ತೇ ಅಪಾಯದಲ್ಲಿ ನಮ್ಮನ್ನು ಕಾಯುತ್ತದೆ. ಕೆಲಸ ಕಲಿಸುವವರೂ ಕೆಲಸ ಕೊಡುವವರೂ ಆ ಶಿಸ್ತಿಗೆ ಒಟ್ಟಾಗಿ ನಿಂತರೆ, ಕಂಬ ಹತ್ತಿದವರು ಸಂಜೆ ಕ್ಷೇಮವಾಗಿ ಮನೆ ಸೇರುತ್ತಾರೆ.